ಎಲೆಕೋಸು ತಿಂದರೆ ಮಿದುಳಿಗೆ ಹುಳು ಹೋಗುತ್ತದೆಯೇ?

‘ಎಲೆಕೋಸು ತಿಂದ ಮಗುವಿನ ಮಿದುಳಿನಲ್ಲಿ ಹುಳು ಪತ್ತೆ’ ಎಂಬ ಸಂದೇಶ ನಿಮ್ಮ ವಾಟ್ಸ್‌ಆ್ಯಪ್‌ಗೂ ಬಂದಿರಬಹುದು. ಜೊತೆಗೆ ಮಿದುಳಿನ ಒಂದು ಸ್ಕ್ಯಾನ್ ಚಿತ್ರ, ಕೋಸಿನ ಎಲೆಯ ಮೇಲೆ ತೆವಳುವ ಹುಳುವಿನ ಒಂದು ವಿಡಿಯೊ. ಇದನ್ನು ನೋಡಿ ಗೋಬಿ ಮಂಚೂರಿ ಬಿಟ್ಟವರಿದ್ದಾರೆ. (ಬಿಟ್ಟರೆ ನಷ್ಟವೇನಿಲ್ಲ, ಕಾರಣ ಮಾತ್ರ ತಪ್ಪು.) ಸ್ಕ್ಯಾನ್‌ನಲ್ಲಿರುವ ಕಾಯಿಲೆ ನಿಜ, ಕೋಸಿನ ಮೇಲಿನ ಹುಳುವೂ ನಿಜ. ಆದರೆ ಅದಕ್ಕೂ ಇದಕ್ಕೂ ಸಂಬಂಧವಿಲ್ಲ.

ಕೋಸು ಹೆಚ್ಚುವಾಗ ಸಿಗುವ ಹಸಿರು ಹುಳು ಸಾಮಾನ್ಯವಾಗಿ ಯಾವುದೋ ಪತಂಗ ಅಥವಾ ಚಿಟ್ಟೆಯ ಮರಿ. ಅದು ಕೀಟ. ಅಪ್ಪಿತಪ್ಪಿ ಹೊಟ್ಟೆಗೆ ಹೋದರೂ ಜೀರ್ಣವಾಗುತ್ತದೆ, ಮಿದುಳಿಗೆ ಹೋಗುವ ದಾರಿ ಅದಕ್ಕಿಲ್ಲ. ಮಿದುಳಿನಲ್ಲಿ ಗುಳ್ಳೆ ಕಟ್ಟುವುದು ಬೇರೆಯದೇ ಜೀವಿ: ಟೀನಿಯಾ ಸೋಲಿಯಂ ಎಂಬ ಲಾಡಿಹುಳು.

ಈ ಹುಳುವಿನ ಬದುಕು ಸ್ವಲ್ಪ ಸುತ್ತುಬಳಸಿನದು. ಅದು ಪೂರ್ತಿ ಬೆಳೆಯುವುದು ಮನುಷ್ಯನ ಸಣ್ಣ ಕರುಳಿನಲ್ಲಿ. ಅಲ್ಲಿ ಲಾಡಿಯಂತೆ ಚಪ್ಪಟೆಯಾಗಿ ಎರಡು ಮೀಟರ್‌ಗೂ ಮೀರಿ ಉದ್ದವಾಗುತ್ತದೆ. ಅದರ ತುದಿಯ ತುಂಡುಗಳು ಕಳಚಿ ಮಲದ ಜೊತೆ ಹೊರಬರುತ್ತವೆ. ಒಂದೊಂದು ತುಂಡಿನಲ್ಲಿ ಸುಮಾರು 50,000 ಮೊಟ್ಟೆ. ಬಯಲಲ್ಲಿ ಬಿದ್ದ ಆ ಮಲವನ್ನು ಹಂದಿ ತಿಂದರೆ ಮೊಟ್ಟೆ ಒಡೆದು, ಮರಿ ರಕ್ತದ ಮೂಲಕ ಹಂದಿಯ ಮಾಂಸಖಂಡ ಸೇರಿ ಗುಳ್ಳೆಯಾಗುತ್ತದೆ. ಸರಿಯಾಗಿ ಬೇಯದ ಆ ಮಾಂಸವನ್ನು ಮನುಷ್ಯ ತಿಂದರೆ ಗುಳ್ಳೆ ಅವನ ಕರುಳಿನಲ್ಲಿ ಮತ್ತೆ ಲಾಡಿಹುಳುವಾಗುತ್ತದೆ.

ಗುಳ್ಳೆಯೇ ಹುಳುವಾಗುತ್ತದೆ ಎಂದು ತೋರಿಸಿದ್ದು ಜರ್ಮನಿಯ ವೈದ್ಯ ಫ್ರೀಡ್ರಿಕ್ ಕ್ಯೂಖೆನ್‌ಮೈಸ್ಟರ್, 1855ರಲ್ಲಿ. ಮರಣದಂಡನೆಗೆ ಗುರಿಯಾದ ಕೈದಿಯೊಬ್ಬನ ಊಟದಲ್ಲಿ ಹಂದಿಯ ಗುಳ್ಳೆಗಳನ್ನು ಬೆರೆಸಿ, ಶಿಕ್ಷೆಯಾದ ಮೇಲೆ ಅವನ ಕರುಳನ್ನು ತೆರೆದು ಎಳೆಯ ಲಾಡಿಹುಳುಗಳನ್ನು ಕಂಡರು. ಇಂದು ಯಾವ ಸಂಸ್ಥೆಯೂ ಇಂಥ ಪ್ರಯೋಗಕ್ಕೆ ಒಪ್ಪಿಗೆ ಕೊಡುವುದಿಲ್ಲ.

ಹಾಗಾದರೆ ಮಿದುಳಿಗೆ ಹೋಗುವುದು ಹೇಗೆ? ಇಲ್ಲಿಯೇ ಎಲ್ಲರೂ ಎಡವುವುದು. ಮಾಂಸದ ಗುಳ್ಳೆ ತಿಂದರೆ ಕರುಳಿನಲ್ಲಿ ಹುಳು ಬೆಳೆಯುತ್ತದೆ, ಅಷ್ಟೆ. ಮಿದುಳಿನಲ್ಲಿ ಗುಳ್ಳೆ ಕಟ್ಟಬೇಕಾದರೆ ನಾವು ಮೊಟ್ಟೆಯನ್ನು ನುಂಗಬೇಕು. ಮೊಟ್ಟೆ ಬರುವುದು ಹಂದಿಯಿಂದಲ್ಲ, ಕೋಸಿನಿಂದಲೂ ಅಲ್ಲ, ಕರುಳಿನಲ್ಲಿ ಹುಳು ಇರುವ ಇನ್ನೊಬ್ಬ ಮನುಷ್ಯನಿಂದ. ಕೆಲವೊಮ್ಮೆ ಸ್ವತಃ ಹುಳು ಇರುವವರೇ ಕೈ ತೊಳೆಯದೆ ಉಂಡು ತಮ್ಮದೇ ಹುಳುವಿನ ಮೊಟ್ಟೆ ನುಂಗುತ್ತಾರೆ. ಕೊಳಚೆ ನೀರು ಹಾಯಿಸಿದ ಹೊಲದ ಯಾವ ತರಕಾರಿಗೆ ಬೇಕಾದರೂ ಮೊಟ್ಟೆ ಅಂಟಬಹುದು: ಕೋಸು, ಕೊತ್ತಂಬರಿ, ಮೂಲಂಗಿ, ಕ್ಯಾರೆಟ್. ಬೇಯಿಸಿದರೆ ಅದು ಸಾಯುತ್ತದೆ. ಹಸಿಯಾಗಿ ತಿನ್ನುವುದನ್ನು ಹರಿಯುವ ಶುದ್ಧ ನೀರಿನಲ್ಲಿ ಉಜ್ಜಿ ತೊಳೆಯಬೇಕು. ಉಪ್ಪುನೀರಿನಲ್ಲಿ ನೆನೆಸಿದರೆ ಕೀಟ ಹೊರಬರುತ್ತದೆ, ಕಣ್ಣಿಗೆ ಕಾಣದ ಈ ಮೊಟ್ಟೆಗೆ ಅದು ಮದ್ದಲ್ಲ.

‘ನಾವು ಸಸ್ಯಾಹಾರಿಗಳು, ನಮಗೇಕೆ ಬರುತ್ತದೆ?’ ಎನ್ನುವವರಿಗೆ ನ್ಯೂಯಾರ್ಕ್‌ನ ಒಂದು ಪ್ರಕರಣ ಹೇಳಬೇಕು. 1990ರ ದಶಕದ ಆರಂಭದಲ್ಲಿ ಅಲ್ಲಿನ ಸಂಪ್ರದಾಯಸ್ಥ ಯಹೂದಿ ಸಮುದಾಯದ ನಾಲ್ವರಲ್ಲಿ ಈ ಕಾಯಿಲೆ ಪತ್ತೆಯಾಯಿತು. ಹಂದಿ ಮಾಂಸ ಅವರಿಗೆ ನಿಷಿದ್ಧ. ಮನೆಗೆಲಸಕ್ಕಿದ್ದವರನ್ನು ಪರೀಕ್ಷಿಸಿದಾಗ ಒಬ್ಬರ ಕರುಳಿನಲ್ಲಿ ಲಾಡಿಹುಳು ಸಿಕ್ಕಿತು. ಕೆಲಸದವರ ಮೇಲೆ ಗೂಬೆ ಕೂರಿಸಲು ಇದನ್ನು ಹೇಳುತ್ತಿಲ್ಲ. ಕರುಳಿನಲ್ಲಿ ಹುಳು ಇರುವ ಬಹಳಷ್ಟು ಮಂದಿಗೆ ಅದು ಇರುವುದೇ ಗೊತ್ತಿರುವುದಿಲ್ಲ, ಅದು ಮನೆಯ ಯಜಮಾನರೇ ಆಗಿರಬಹುದು. ಅಂದಹಾಗೆ, ಚೆನ್ನಾಗಿ ಬೆಂದ ಕೊಡಗಿನ ಪಂದಿ ಕರಿ ತಿನ್ನುವವರನ್ನು ಈ ಕಾಯಿಲೆಯ ಹೆಸರಲ್ಲಿ ಹೀಯಾಳಿಸುವುದಕ್ಕೂ ಆಧಾರವಿಲ್ಲ.

ಮಿದುಳಿನ ಗುಳ್ಳೆಯ ಮುಖ್ಯ ಲಕ್ಷಣ ಫಿಟ್ಸ್. ಈ ಹುಳು ಹೆಚ್ಚಾಗಿರುವ ಪ್ರದೇಶಗಳಲ್ಲಿ ಮೂರ್ಛೆ ರೋಗದ ಸುಮಾರು 30% ಪ್ರಕರಣಗಳಿಗೆ ಇದೇ ಕಾರಣ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ನಮ್ಮ ದೇಶದಲ್ಲಿ ಇದನ್ನು ಗುರುತಿಸಲು ಬಹಳ ಕಾಲ ಹಿಡಿಯಿತು. ಸಿಟಿ ಸ್ಕ್ಯಾನ್ ಬಂದ ಹೊಸತರಲ್ಲಿ, ಫಿಟ್ಸ್ ಬಂದವರ ಮಿದುಳಿನಲ್ಲಿ ಕಾಣುತ್ತಿದ್ದ ಒಂಟಿ ಉಂಗುರದಂಥ ಕಲೆಯನ್ನು ಕ್ಷಯದ ಗಂಟು ಎಂದು ಭಾವಿಸಿ ತಿಂಗಳುಗಟ್ಟಲೆ ಟಿಬಿ ಮಾತ್ರೆ ಕೊಡಲಾಗುತ್ತಿತ್ತು. ವೆಲ್ಲೂರಿನ ಸಿಎಂಸಿ ಆಸ್ಪತ್ರೆಯ ಮ್ಯಾಥ್ಯೂ ಚಾಂಡಿ, ವೇದಾಂತಂ ರಾಜಶೇಖರ್ ಮತ್ತು ಸಂಗಡಿಗರು ಅಂಥ ಕಲೆಗಳನ್ನು ಶಸ್ತ್ರಚಿಕಿತ್ಸೆಯಿಂದ ತೆಗೆದು ಪರೀಕ್ಷಿಸಿ, ಅವು ಲಾಡಿಹುಳುವಿನ ಗುಳ್ಳೆಗಳು ಎಂದು 1989ರಿಂದ ಪ್ರಕಟಿಸುತ್ತ ಬಂದರು. ಇಂಥ ಒಂಟಿ ಗುಳ್ಳೆಗಳಲ್ಲಿ ಎಷ್ಟೋ ಕೆಲವು ತಿಂಗಳಲ್ಲಿ ತಾವಾಗಿಯೇ ಕರಗುತ್ತವೆ ಎಂಬುದೂ ತಿಳಿಯಿತು. ಬೇಡದ ಟಿಬಿ ಔಷಧಿಯಿಂದಲೂ ಬೇಡದ ಆಪರೇಷನ್‌ನಿಂದಲೂ ಎಷ್ಟು ಮಕ್ಕಳು ಪಾರಾಗಿರಬೇಕು!

ಒಂದು ಎಚ್ಚರಿಕೆ. ಸಂದೇಶ ನೋಡಿ ಹೆದರಿ, ಮೆಡಿಕಲ್ ಶಾಪ್‌ನಿಂದ ಆಲ್ಬೆಂಡಜೋಲ್ ತಂದು ದಿನಗಟ್ಟಲೆ ನುಂಗಬೇಡಿ. ಗುಳ್ಳೆಯೊಳಗಿನ ಮರಿ ಸಾಯುವಾಗ ಸುತ್ತಲಿನ ಮಿದುಳು ಊದಿಕೊಂಡು ಫಿಟ್ಸ್ ಹೆಚ್ಚಬಹುದು. ಆದ್ದರಿಂದಲೇ ನರರೋಗ ತಜ್ಞರು ಸ್ಕ್ಯಾನ್ ನೋಡಿ, ಜೊತೆಗೆ ಸ್ಟೀರಾಯ್ಡ್ ಕೊಟ್ಟು ಚಿಕಿತ್ಸೆ ಮಾಡುತ್ತಾರೆ. ಶಾಲೆಯಲ್ಲಿ ಕೊಡುವ ಜಂತುಹುಳುವಿನ ಒಂದು ಮಾತ್ರೆಯ ವಿಷಯ ಬೇರೆ. ಆದರೆ ಮಗುವಿಗೆ ಫಿಟ್ಸ್ ಇದ್ದರೆ ಮಾತ್ರೆ ಕೊಡುವವರಿಗೆ ಮೊದಲೇ ತಿಳಿಸಿ.

ಹುಳುವಿನ ಸುತ್ತನ್ನು ತುಂಡರಿಸುವ ಸಂಶೋಧನೆಯೂ ಮುಂದುವರಿದಿದೆ. ಉತ್ತರ ಪೆರುವಿನ ಟುಂಬೆಸ್ ಪ್ರದೇಶದಲ್ಲಿ ಜನರಿಗೂ ಹಂದಿಗಳಿಗೂ ಔಷಧಿ ಕೊಟ್ಟು, ಹಂದಿಗಳಿಗೆ ಲಸಿಕೆಯನ್ನೂ ಹಾಕಿದಾಗ 107 ಹಳ್ಳಿಗಳ ಪೈಕಿ 105ರಲ್ಲಿ ಹರಡುವಿಕೆ ನಿಂತಿತು ಎಂದು 2016ರಲ್ಲಿ ವರದಿಯಾಯಿತು. ಆಸ್ಟ್ರೇಲಿಯಾದ ಮೆಲ್ಬರ್ನ್ ವಿಶ್ವವಿದ್ಯಾಲಯದ ಮಾರ್ಷಲ್ ಲೈಟೋವ್ಲರ್ಸ್ ತಂಡ ರೂಪಿಸಿದ ಹಂದಿ ಲಸಿಕೆಯನ್ನು ಈಗ ಹೈದರಾಬಾದಿನ ಇಂಡಿಯನ್ ಇಮ್ಯುನಾಲಜಿಕಲ್ಸ್ ಕಂಪನಿ ತಯಾರಿಸುತ್ತದೆ. ಅಡ್ಡಿಯಿರುವುದು ಇನ್ನೊಂದು ಕಡೆ. ಗುಳ್ಳೆ ಇರುವ ಹಂದಿ ಸಾಮಾನ್ಯವಾಗಿ ಕಾಯಿಲೆ ಬಿದ್ದಂತೆ ಕಾಣುವುದೇ ಇಲ್ಲ. ನೋಡಲು ದಷ್ಟಪುಷ್ಟವಾಗಿರುವ ಪ್ರಾಣಿಗೆ ಸ್ವಂತ ದುಡ್ಡು ಹಾಕಿ ಎರಡೆರಡು ಸಲ ಲಸಿಕೆ ಹಾಕಿಸಿ ಎಂದರೆ, ಸಾಕುವವರು ಸುಲಭವಾಗಿ ಒಪ್ಪುವುದಿಲ್ಲ.