ಸೇಡಂ ಸೀಮೆಯ ವಿದ್ಯಾರ್ಥಿಗಳೂ ಅರ್ಥಶಾಸ್ತ್ರದ ಪ್ರಥಮ ಪಾಠವೂ

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಗಳಿಂದ ಬಿ.ಎ. ತರಗತಿಗೆ ಬರುವ ವಿದ್ಯಾರ್ಥಿಗಳೊಡನೆ ಅರ್ಥಶಾಸ್ತ್ರದ ಪ್ರಸ್ತಾಪವನ್ನೆತ್ತಿದರೆ ಸಾಮಾನ್ಯವಾಗಿ ಎರಡು ಅಭಿಪ್ರಾಯಗಳು ಕೇಳಿಬರುವುವು. ಇತಿಹಾಸ ರಾಜ್ಯಶಾಸ್ತ್ರಗಳೊಡನೆ ಇದನ್ನೂ ಆರಿಸಿಕೊಂಡರೆ ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ನೆರವಾದೀತೆಂಬುದು ಒಂದು. 2012ರ ತಿದ್ದುಪಡಿಯಿಂದ ಸಂವಿಧಾನದಲ್ಲಿ ಸೇರಿದ 371-ಜೆ ವಿಧಿಯು ಈ ಪ್ರಾಂತದವರಿಗೆ ಉದ್ಯೋಗದಲ್ಲಿ ಮೀಸಲಾತಿಗೆ ಅವಕಾಶವಿತ್ತಿರುವುದರಿಂದ ಈ ಆಸೆ ನಿರಾಧಾರವಾದುದಲ್ಲ. ಇತಿಹಾಸವನ್ನು ಓದಿ ನೆನಪಿಡಬಹುದು, ಇದರ ರೇಖೆ ಲೆಕ್ಕಗಳು ತಲೆಗೆ ಹತ್ತುವುದಿಲ್ಲವೆಂಬುದು ಎರಡನೆಯದು. ವಿಚಾರಾರ್ಹವಾದುದು ಇದೇ.

ಈ ತೊಡಕು ಲೆಕ್ಕದ್ದಕ್ಕಿಂತ ಮಾತಿನದೆಂದು ನನಗೆ ತೋರುತ್ತದೆ. 1918ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ನಿಜಾಮರ ಆಳ್ವಿಕೆಯು ಕೊನೆಗಾಣುವವರೆಗೂ ಉರ್ದುವೇ ಬೋಧನಭಾಷೆಯಾಗಿದ್ದಿತು. ಮನೆಯಲ್ಲಿ ಕನ್ನಡವಾಡುತ್ತಿದ್ದ ಇಲ್ಲಿಯ ಹುಡುಗನು ಶಾಸ್ತ್ರವನ್ನು ಬೇರೆ ಮಾತಿನಲ್ಲಿ ಕಲಿಯಬೇಕಾಗಿದ್ದಿತು. ಈಗ ಪಾಠವು ಕನ್ನಡದಲ್ಲಿ ದೊರೆಯುವುದಾದರೂ ‘ಸೀಮಾಂತ ತುಷ್ಟಿಗುಣ’, ‘ಸ್ಥಿತಿಸ್ಥಾಪಕತ್ವ’ ಎಂಬ ಪದಗಳು ಕಲ್ಲುಗಣಿಯ ಕೂಲಿಕಾರನ ಮಗಳಿಗೆ ಅಂದಿನ ಉರ್ದುವಿಗಿಂತ ಹೆಚ್ಚು ಸಮೀಪವಾಗಿವೆಯೆಂದು ಹೇಳಲಾರೆ.

ವಸ್ತುವಾದರೋ ಆಕೆಗೆ ಅಪರಿಚಿತವಲ್ಲ. ತೊಗರಿಯನ್ನೇ ನೋಡಬಹುದು. 2015ರಲ್ಲಿ ತೊಗರಿಬೇಳೆಯ ಚಿಲ್ಲರೆ ಬೆಲೆಯು ಕಿಲೋಗೆ 200 ರೂಪಾಯಿಯ ಸಮೀಪಕ್ಕೇರಿತು. ಅದನ್ನು ಕಂಡ ರೈತರು 2016ರ ಮುಂಗಾರಿನಲ್ಲಿ ಹೆಚ್ಚು ಹೊಲಗಳಿಗೆ ತೊಗರಿಯನ್ನೇ ಬಿತ್ತಿದರು. ಬಿತ್ತಿದ ಮೇಲೆ ರಾಶಿಯಾಗಲು ಐದಾರು ತಿಂಗಳು ಬೇಕು. ನಡುವೆ ಮನಸ್ಸನ್ನು ಬದಲಿಸಲಾಗದು. ಎಲ್ಲರ ತೊಗರಿಯೂ ಒಟ್ಟಿಗೆ ಪೇಟೆಗೆ ಬಂದಾಗ, ಕ್ವಿಂಟಲಿಗೆ 5,050 ರೂಪಾಯಿಯ ಬೆಂಬಲ ಬೆಲೆಗಿಂತಲೂ ಧಾರಣೆ ಕುಸಿಯಿತು. ಕಳೆದ ವರ್ಷದ ಬೆಲೆಯು ಈ ವರ್ಷದ ಬಿತ್ತನೆಯನ್ನೂ, ಈ ವರ್ಷದ ಬೆಳೆಯು ಮುಂದಿನ ಬೆಲೆಯನ್ನೂ ನಿರ್ಧರಿಸುವ ಈ ಸುತ್ತಾಟಕ್ಕೆ ಶಾಸ್ತ್ರಕಾರರು ಜೇಡರಬಲೆಯ ಸಿದ್ಧಾಂತವೆಂದು ಹೆಸರಿಟ್ಟಿರುವರು. ಅಡತಿ ಅಂಗಡಿಯ ಮುಂದೆ ತಂದೆಯೊಡನೆ ನಿಂತಿದ್ದ ವಿದ್ಯಾರ್ಥಿಗೆ ಇದರ ರೇಖಾಚಿತ್ರವನ್ನು ಬರೆದು ತೋರಿಸಿದರೆ, ರೇಖೆಯನ್ನು ಆತನೇ ಮುಂದುವರಿಸಬಲ್ಲನು. ಸ್ಥಿತಿಸ್ಥಾಪಕತ್ವಕ್ಕೂ ಶಹಾಬಾದದ ಫರಸಿಕಲ್ಲು ಸಾಕು: ಅದರ ಬೆಲೆಯೇರಿದರೆ ಮನೆ ಕಟ್ಟುವವನು ಟೈಲ್ಸಿನ ಕಡೆಗೆ ತಿರುಗುವನು, ಉಪ್ಪಿನ ಬೆಲೆಯೇರಿದರೆ ಯಾರೂ ಉಪ್ಪನ್ನು ಬಿಡರು. (ಸೇಬು ಕಿತ್ತಳೆಗಳ ಉದಾಹರಣೆಗಳಿಂದ ಪಠ್ಯಪುಸ್ತಕಗಳಿಗೆ ಇನ್ನೂ ಬೇಸರವಾಗಿಲ್ಲ.)

ಅಭಿವೃದ್ಧಿಯ ಅಧ್ಯಾಯಕ್ಕೆ ಬಂದಾಗ ಮಾತ್ರ ತರಗತಿಯ ಭಾವವೇ ಬೇರೆಯಾಗುವುದು. ಡಿ. ಎಂ. ನಂಜುಂಡಪ್ಪನವರ ಸಮಿತಿಯು 2002ರಲ್ಲಿ ಸಲ್ಲಿಸಿದ ವರದಿಯಲ್ಲಿ ಅತ್ಯಂತ ಹಿಂದುಳಿದ ತಾಲ್ಲೂಕುಗಳ ಪಟ್ಟಿಯೊಂದಿರುವುದು. ಚಿಂಚೋಳಿ, ಚಿತ್ತಾಪುರ, ಸೇಡಂಗಳು ಅದರಲ್ಲಿವೆ. ವಾಡಿ ಶಹಾಬಾದಗಳು ಆಗ ಚಿತ್ತಾಪುರದೊಳಗೇ ಇದ್ದುವು. ಸಿಮೆಂಟಿನ ಕಾರ್ಖಾನೆಗಳೂ ರೈಲಿನ ಜಂಕ್ಷನ್ನೂ ಇರುವ ತಾಲ್ಲೂಕು ಈ ಪಟ್ಟಿಗೆ ಸೇರಿದ್ದೇಕೆಂದು ವಿದ್ಯಾರ್ಥಿಗಳು ಕೇಳುವರು. ಪರೀಕ್ಷೆಯಲ್ಲಿ ಬಾರದ ಪ್ರಶ್ನೆಯನ್ನು ಅವರು ಕೇಳುವುದು ಪ್ರಾಯಶಃ ಈ ಒಂದು ಗಂಟೆಯಲ್ಲಿಯೇ.