ದಹಿಸರದ ಆಕಾಶದಲ್ಲಿ ರಣಹದ್ದು

ಡೆಬಿಟ್-ಕ್ರೆಡಿಟ್ ಬರೆಯುವ ಕಾಮರ್ಸ್ ವಿದ್ಯಾರ್ಥಿಗೆ ಹಕ್ಕಿಯ ಗೊಡವೆ ಏಕೆ ಎಂದು ಮಿತ್ರರು ಕೇಳಬಹುದು. ಕಾರಣವಿದೆ.

ಕಳೆದ ಡಿಸೆಂಬರಿನ ಒಂದು ಭಾನುವಾರ, ಹನ್ನೊಂದು ಗಂಟೆಯ ಹೊತ್ತು. ದಹಿಸರದ ನಮ್ಮ ಕಟ್ಟಡದ ಟೆರೇಸಿನಲ್ಲಿ ಓದುತ್ತ ಕೂತಿದ್ದೆ. ಪೂರ್ವಕ್ಕೆ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನದ ಗುಡ್ಡಗಳು. ಆ ಕಡೆಯಿಂದ ಒಂದು ಭಾರಿ ಹಕ್ಕಿ ರೆಕ್ಕೆ ಬಡಿಯದೆ, ಸುತ್ತು ಹಾಕುತ್ತ ಬಂತು. ದಿನಾ ಕಾಣುವ ಹದ್ದುಗಳು ಅದರ ಪಕ್ಕದಲ್ಲಿ ಕಾಗೆಯಷ್ಟೇ ಕಂಡವು. ಬಟ್ಟೆ ಒಣಹಾಕುತ್ತಿದ್ದ ಅಪ್ಪಯ್ಯನನ್ನು ಕೂಗಿದೆ. ಅವರು ಕುಂದಾಪುರದ ಕಡೆ ಬೆಳೆದವರು. ಹಣೆಗೆ ಕೈ ಅಡ್ಡ ಹಿಡಿದು ನೋಡಿದರು.

"ಅದ್ ರಣಹದ್ದ್ ಕಾಣ್, ಮಗ! ರೆಕ್ಕೆ ಅಡಿ ಬಿಳಿ ಕಾಣ್. ಎಷ್ಟ್ ವರ್ಷ ಆಯ್ತ್ ಕಾಣ್ದೆ!"

ಐದು ನಿಮಿಷದಲ್ಲಿ ಅದು ಗುಡ್ಡದಾಚೆ ಮರೆಯಾಯಿತು. ನನ್ನ ಮೊಬೈಲು ಕೆಳಗೆ ಮನೆಯಲ್ಲಿತ್ತು!

ಅಪ್ಪಯ್ಯ ಹೇಳಿದ ಗುರುತು ಬಿಳಿಬೆನ್ನಿನ ರಣಹದ್ದಿನದು. ಹೊತ್ತೇರಿ ನೆಲ ಕಾದ ಮೇಲೆ ಬಿಸಿಗಾಳಿ ಮೇಲೇಳುತ್ತದೆ; ಈ ಭಾರದ ಹಕ್ಕಿ ಅದನ್ನೇ ನಂಬಿ ಏರುತ್ತದೆ. ಹಿಂದೆ ಊರಲ್ಲಿ ಎತ್ತು ಸತ್ತರೆ ಮಧ್ಯಾಹ್ನದೊಳಗೆ ಎಲುಬು ಮಾತ್ರ ಉಳಿಯುತ್ತಿತ್ತಂತೆ. ಮುಂಬಯಿಯಲ್ಲೂ ಮಲಬಾರ್ ಹಿಲ್ಲಿನ ಡೂಂಗರ್‌ವಾಡಿಯಲ್ಲಿ ಪಾರ್ಸಿಗಳ ಅಂತ್ಯಕ್ರಿಯೆ ಇವುಗಳನ್ನೇ ನಂಬಿತ್ತು. ಈಗ ಅಲ್ಲಿ ಸೂರ್ಯನ ಶಾಖ ಕೇಂದ್ರೀಕರಿಸುವ ಸಾಧನಗಳನ್ನು ಬಳಸುತ್ತಾರೆ.

ಹಾಗಾದರೆ ರಣಹದ್ದುಗಳು ಎಲ್ಲಿ ಹೋದವು? 1992ರಿಂದ 2007ರೊಳಗೆ ಭಾರತದಲ್ಲಿ ಈ ಜಾತಿ ನೂರಕ್ಕೆ ತೊಂಬತ್ತೊಂಬತ್ತಕ್ಕಿಂತ ಹೆಚ್ಚು ಅಳಿಯಿತು. ಕಾರಣ ಬೇಟೆಯಲ್ಲ, ಡೈಕ್ಲೋಫಿನಾಕ್ ಎಂಬ ಅಗ್ಗದ ನೋವಿನ ಔಷಧ. ಅದನ್ನು ಕೊಟ್ಟ ದನ ಬೇಗ ಸತ್ತು, ಅದರ ಮಾಂಸ ತಿಂದರೆ ರಣಹದ್ದಿನ ಮೂತ್ರಪಿಂಡ ಕೆಡುತ್ತದೆ. ಇದು 2004ರಲ್ಲಿ ವಿಜ್ಞಾನಿಗಳಿಂದ ಪ್ರಕಟವಾಯಿತು. 2006ರಲ್ಲಿ ಭಾರತ ಸರಕಾರ ಪಶುಗಳಿಗೆ ಅದರ ಬಳಕೆಯನ್ನು ತಡೆಯಿತು.

ಈಗ ನಮ್ಮ ಲೆಕ್ಕಕ್ಕೆ ಬನ್ನಿ. ಒಂದೇ ಹೆಣದ ಮೇಲೆ ಹತ್ತಾರು ಹಕ್ಕಿ ಕೂರುತ್ತವೆ. ಆದ್ದರಿಂದ ನೂರು ಹೆಣದಲ್ಲಿ ಒಂದಕ್ಕೂ ಕಡಿಮೆ ವಿಷವಾಗಿದ್ದರೂ ಇಡೀ ಸಂತತಿ ಮುಳುಗುತ್ತದೆ. ಜಮೆಯ ಕಡೆಯೋ, ಜೋಡಿಗೆ ವರ್ಷಕ್ಕೆ ಒಂದೇ ಮೊಟ್ಟೆ. ಖರ್ಚು ಒಂದು ದಿನದ್ದು, ತೀರಿಸಲು ದಶಕಗಳು ಬೇಕು. ಪುಕ್ಕಟೆ ಕೆಲಸ ಮಾಡಿದವನ ಹೆಸರು ಯಾರ ಖಾತೆ ಪುಸ್ತಕದಲ್ಲೂ ಇರಲಿಲ್ಲ. ಅದಕ್ಕೇ ನಷ್ಟ ತಡವಾಗಿ ತಿಳಿಯಿತು.

ಬಾಗಿಲು ಪೂರ್ತಿ ಮುಚ್ಚಿಲ್ಲ. ಇದರ ಬಳಗದ ಉದ್ದಕೊಕ್ಕಿನ ರಣಹದ್ದುಗಳಿಗಾಗಿ 2012ರಲ್ಲಿ ರಾಮನಗರದ ರಾಮದೇವರಬೆಟ್ಟ ರಣಹದ್ದು ಧಾಮವಾಯಿತು. 2023ರಲ್ಲಿ ಕೀಟೊಪ್ರೊಫೆನ್, ಅಸೆಕ್ಲೊಫೆನಾಕ್ ಔಷಧಗಳನ್ನೂ ಪಶುಗಳಿಗೆ ನಿಷೇಧಿಸಿದರು. ಮೆಲಾಕ್ಸಿಕಾಮ್ ಎಂಬುದು ರಣಹದ್ದಿಗೆ ಹಾನಿ ಮಾಡದ ಔಷಧ. ಊರಲ್ಲಿ ದನ ಸಾಕಿದ ಮನೆಯವರಿದ್ದರೆ ಪಶುವೈದ್ಯರನ್ನು ಈ ಹೆಸರು ಹೇಳಿ ಕೇಳಲಿ. ರಜೆಗೆ ಹೋದಾಗ ನಮ್ಮ ದೊಡ್ಡಪ್ಪನಿಗೂ ಹೇಳಿ ಬಂದಿದ್ದೇನೆ.

ಈಗ ಪ್ರತಿ ಭಾನುವಾರ ಮೊಬೈಲು ಕಿಸೆಯಲ್ಲಿಟ್ಟುಕೊಂಡೇ ಟೆರೇಸಿಗೆ ಹೋಗುತ್ತೇನೆ. ಅಪ್ಪಯ್ಯನೂ ಬಟ್ಟೆ ಹಿಂಡುತ್ತ ಪೂರ್ವದ ಕಡೆ ಒಮ್ಮೆ ನೋಡುತ್ತಾರೆ. ಇದುವರೆಗೆ ಬಂದದ್ದೆಲ್ಲ ಬರೀ ಹದ್ದುಗಳೇ.