ಕಲೂರಿನ ಸಬ್‌ಸ್ಟೇಷನ್ನಿಗೆ ನುಗ್ಗಿದ ನೀರು

2019ರ ಅಕ್ಟೋಬರ್ 21ರಂದು, ಎರ್ನಾಕುಳಂ ವಿಧಾನಸಭಾ ಕ್ಷೇತ್ರದಲ್ಲಿ ಉಪಚುನಾವಣೆಯ ಮತದಾನ ನಡೆಯುತ್ತಿದ್ದ ದಿನವೇ, ಕೊಚ್ಚಿಯಲ್ಲಿ ಎಡೆಬಿಡದೆ ಸುರಿದ ಮಳೆಯು ಬೀದಿಗಳನ್ನೂ ಮತಗಟ್ಟೆಗಳ ಅಂಗಳಗಳನ್ನೂ ಮುಳುಗಿಸಿ, ಅಷ್ಟಕ್ಕೆ ತೃಪ್ತವಾಗದೆ ಕಲೂರಿನ ವಿದ್ಯುತ್ ಸಬ್‌ಸ್ಟೇಷನ್ನಿನೊಳಕ್ಕೂ ನುಗ್ಗಿತು. ಗಾಳಿಗೆ ಕಂಬಗಳು ಉರುಳಲಿಲ್ಲವೆಂದಾಗಲಿ, ತಂತಿಗಳು ಹರಿಯಲಿಲ್ಲವೆಂದಾಗಲಿ ಸಮಾಧಾನಪಡುವಂತಿರಲಿಲ್ಲ. ಏಕೆಂದರೆ ಇಂಥ ಕೇಂದ್ರದ ರಿಲೇ ಫಲಕಗಳೂ ಬ್ಯಾಟರಿಗಳೂ ನಿಯಂತ್ರಣ ಕೊಠಡಿಯ ನೆಲದಿಂದ ಬಹಳ ಎತ್ತರದಲ್ಲಿರುವುದಿಲ್ಲವಾದುದರಿಂದ, ಮೊಣಕಾಲುದ್ದದ ನೀರು ನಿಂತರೂ ವಿದ್ಯುತ್ತನ್ನು ಕಡಿಯದೆ ಗತ್ಯಂತರವಿಲ್ಲ. ಇಡೀ ಊರನ್ನು ಕೆಡಿಸುವುದಕ್ಕೆ ಊರೆಲ್ಲ ಮುಳುಗಬೇಕಾಗಿಲ್ಲ, ಊರು ನೆಚ್ಚಿಕೊಂಡ ಒಂದು ತಗ್ಗು ಕೊಠಡಿ ಮುಳುಗಿದರೆ ಸಾಕು.

ಆ ನೀರಾದರೂ ಅಲ್ಲಿಗೆ ಬಂದುದೇಕೆ? ಕಲೂರಿನ ಬಳಿ ಹಾದು ನಗರದ ಉದ್ದಕ್ಕೂ ಸಾಗುವ ತೇವರ–ಪೇರಂಡೂರು ಕಾಲುವೆಯು ಹಿಂದೆ ದೋಣಿಗಳು ಸಂಚರಿಸುತ್ತಿದ್ದ ಜಲಮಾರ್ಗ; ಕಾಲಕ್ರಮದಲ್ಲಿ ಹೂಳು, ಕಸ, ಒತ್ತುವರಿ ಹಾಗೂ ಇಕ್ಕಟ್ಟಾದ ಮೋರಿಗಳಿಂದ ಅದು ಸೊರಗಿತು. ಅದರ ಮೇಲೆ ಸಮುದ್ರದ ಉಬ್ಬರ: ಹಿನ್ನೀರಿನ ಮಟ್ಟ ಏರಿರುವ ಹೊತ್ತಿನಲ್ಲಿಯೇ ಮಳೆ ಹೊಯ್ದರೆ, ಕಾಲುವೆ ನಿರ್ಮಲವಾಗಿದ್ದರೂ ನೀರು ತಡೆದು ತಡೆದು ಹೊರಹೋಗುವುದು, ಕಟ್ಟಿಕೊಂಡಿದ್ದರಂತೂ ಹೇಳತಕ್ಕದ್ದೇನು? ಹೈಕೋರ್ಟು ನಗರಪಾಲಿಕೆಯನ್ನು ತರಾಟೆಗೆ ತೆಗೆದುಕೊಂಡಿತು. ಮುಖ್ಯಮಂತ್ರಿಗಳ ಸೂಚನೆಯ ಮೇರೆಗೆ ಜಿಲ್ಲಾಡಳಿತವು ‘ಆಪರೇಷನ್ ಬ್ರೇಕ್‌ಥ್ರೂ’ ಎಂಬ ಕಾರ್ಯಕ್ಕೆ ಕೈಹಾಕಿತು. ಹೆಸರು ದಂಡಯಾತ್ರೆಯದು, ಕೆಲಸವೋ ಹೂಳೆತ್ತುವುದು, ಒತ್ತುವರಿ ತೆರವು ಮಾಡುವುದು, ಮೋರಿ ಬಿಡಿಸುವುದು. ಉದ್ಘಾಟನೆಯ ಶಿಲಾಫಲಕಕ್ಕೆ ಇಂಥ ಕಾಮಗಾರಿಯಲ್ಲಿ ಅವಕಾಶ ಕಡಿಮೆಯಾದುದರಿಂದಲೇ ಅದು ನಮ್ಮ ಊರುಗಳಲ್ಲಿ ವರ್ಷದಿಂದ ವರ್ಷಕ್ಕೆ ಮುಂದೆ ಬೀಳುವುದೆಂಬುದು ನನ್ನ ಗುಮಾನಿ.

ಆಘಾತವನ್ನು ಸಂಪೂರ್ಣವಾಗಿ ತಡೆಯುವುದು ಅಸಾಧ್ಯವಾದಾಗ ಉಳಿಯುವ ಉಪಾಯವೆಂದರೆ ಬದಲಿ ದಾರಿ. ಹಿಂದಿನ ವರ್ಷ, 2018ರ ಕೇರಳದ ಮಹಾಪ್ರವಾಹದಲ್ಲಿ, ನೆಡುಂಬಾಶೇರಿಯಲ್ಲಿರುವ ಕೊಚ್ಚಿಯ ವಿಮಾನ ನಿಲ್ದಾಣವು ಆಗಸ್ಟ್ 15ರಿಂದ 29ರವರೆಗೆ ಮುಚ್ಚಿತ್ತು. ಆದರೆ 20ರಂದೇ ಬೆಂಗಳೂರಿನಿಂದ ಹೊರಟ ಚಿಕ್ಕ ವಿಮಾನವೊಂದು ಕೊಚ್ಚಿಯ ನೌಕಾನೆಲೆಯಲ್ಲಿ ಇಳಿಯಿತು. 1999ರಲ್ಲಿ ನೆಡುಂಬಾಶೇರಿ ತೆರೆಯುವವರೆಗೆ ನಾಗರಿಕ ವಿಮಾನಗಳಿಗೆ ಆಶ್ರಯವಾಗಿದ್ದುದು ಆ ನೌಕಾನೆಲೆಯ ಓಡುದಾರಿಯೇ. ಹೊಸತು ಬಂದಿತೆಂದು ಹಳೆಯದನ್ನು ಹಾಳುಗೆಡವದಿದ್ದುದು ಆಪತ್ಕಾಲದಲ್ಲಿ ಒದಗಿಬಂದಿತು.

ಇದು ಮಲೆಯಾಳದವರ ಪಾಡೆಂದು ನಾವು ಉದಾಸೀನರಾಗಿರುವಂತಿಲ್ಲ. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆ ಕೆರೆಯಂತಾಗಿದ್ದ ದಿನಗಳಲ್ಲಿಯೇ, ಮಳವಳ್ಳಿ ತಾಲೂಕಿನ ತೊರೆಕಾಡನಹಳ್ಳಿಯಲ್ಲಿ ಕಾವೇರಿ ನೀರಿನ ಪಂಪುಮನೆಗೆ ಪ್ರವಾಹ ನುಗ್ಗಿ ಯಂತ್ರಗಳು ಮುಳುಗಿದುವು. ಎತ್ತ ನೋಡಿದರೂ ನೀರಿದ್ದ ನಗರದಲ್ಲಿ ನಲ್ಲಿಗಳು ಒಣಗಿದುವು. ನಿಮ್ಮ ಊರಿನ ಪಂಪುಮನೆಯ ನೆಲ, ಆಸ್ಪತ್ರೆಯ ಜನರೇಟರು, ದೂರವಾಣಿ ಕೇಂದ್ರದ ಬ್ಯಾಟರಿಗಳು ಪಕ್ಕದ ಹಳ್ಳದ ಅತ್ಯುಚ್ಚ ಮಟ್ಟಕ್ಕಿಂತ ಎಷ್ಟು ಮೇಲಿವೆಯೆಂಬುದನ್ನು, ಮುಂದಿನ ಮುಂಗಾರಿಗೆ ಮೊದಲೇ, ಪುರಸಭೆಯ ಅಥವಾ ಪಂಚಾಯಿತಿಯ ಸದಸ್ಯರನ್ನು ದಯಮಾಡಿ ವಿಚಾರಿಸಿರಿ.